ಸಿಂಹದ ಸೀಮೆ ತಾಯಂದಿರದು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಿಂಹದ ಕುರಿತು ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಗಂಡು ಸಿಂಹ ತಾನು ಬೇಟೆಯಾಡದೆ ಹೆಣ್ಣುಗಳು ಕೊಂದದ್ದನ್ನು ಕೂತು ತಿನ್ನುತ್ತದಂತೆ, ನಿಜವೇ? ಹೊಸ ಗಂಡು ಬಂದಾಗ ಹಿಂಡಿನ ಮರಿಗಳನ್ನು ಹುಡುಕಿ ಹುಡುಕಿ ಕೊಲ್ಲುವುದೇಕೆ? ಹುಲಿ, ಚಿರತೆಗಳೆಲ್ಲ ಒಂಟಿಯಾಗಿ ಬದುಕುವಾಗ ಸಿಂಹ ಮಾತ್ರ ಸಂಸಾರ ಕಟ್ಟಿಕೊಂಡು ಬಾಳುವುದೇಕೆ? ಮೊಬೈಲಿನಲ್ಲಿ ಹರಿದಾಡುವ ಮರಿಹತ್ಯೆಯ ವಿಡಿಯೊ ನೋಡಿ ಕಂಗೆಟ್ಟ ತಾಯಂದಿರು ಕೇಳಿದ್ದಾರೆ, ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳೂ ಕೇಳಿದ್ದಾರೆ. ಮೂರಕ್ಕೂ ಒಟ್ಟಿಗೇ ಉತ್ತರ ಬರೆಯುವುದು ಲೇಸು, ಏಕೆಂದರೆ ಮೂರರ ಬೇರೂ ಒಂದೇ. ನಾವು ಸಿಂಹವನ್ನು ಯಾವಾಗಲೂ ಜೂಲಿನ ಕಡೆಯಿಂದ ನೋಡುತ್ತೇವೆ. ರಾಜಲಾಂಛನದಲ್ಲಿ, ದೇವಸ್ಥಾನದ ಕಂಬದಲ್ಲಿ, ಸಿನಿಮಾ ಪೋಸ್ಟರಿನಲ್ಲಿ ನಮಗೆ ಕಾಣುವುದು ಗಂಡು. ಕಾಡಿನಲ್ಲಿ ಸಿಂಹದ ಬದುಕು ನಿಂತಿರುವುದು ಹೆಣ್ಣುಗಳ ಮೇಲೆ, ಅವು ಹಿಡಿದುಕೊಂಡ ನೆಲದ ಮೇಲೆ. ಅಲ್ಲಿಂದ ನೋಡತೊಡಗಿದರೆ ಮೂರು ಪ್ರಶ್ನೆಗಳಿಗೂ ಉತ್ತರ ತಾನಾಗಿ ಸಿಗುತ್ತದೆ.

ಈ ನೋಟ ನಮಗೆ ದಕ್ಕಿದ್ದು ತಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ. ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿ ಮತ್ತು ಜಿಂಕೆಗಳ ಅಧ್ಯಯನ ಮುಗಿಸಿದ್ದ ಜಾರ್ಜ್ ಶಾಲರ್ 1966ರಲ್ಲಿ ಅಲ್ಲಿಗೆ ಹೋಗಿ ಸಿಂಹಗಳ ಜಾಡು ಹಿಡಿದರು. ಅವರ ನಂತರ ಬ್ರಯಾನ್ ಬರ್ಟ್ರಮ್, 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯೂಸಿ ಆ ಕೆಲಸವನ್ನು ಕೈಬಿಡದೆ ಮುಂದುವರಿಸಿದರು. ಯಾವ ಸಿಂಹದ ತಾಯಿ ಯಾರು, ಅಜ್ಜಿ ಯಾರು ಎಂದು ದಶಕಗಳ ಕಾಲ ಬರೆದಿಟ್ಟ ಇಂಥ ವಂಶಾವಳಿ ದೊಡ್ಡ ಬೇಟೆಪ್ರಾಣಿಗಳಲ್ಲಿ ಬಲು ಅಪರೂಪ. ಒಂದೇ ಬಣ್ಣದ ನೂರಾರು ಪ್ರಾಣಿಗಳಲ್ಲಿ ಒಂದೊಂದನ್ನೂ ಗುರುತಿಸುವುದು ಹೇಗೆ? ಮೀಸೆಯ ಬುಡ ನೋಡಿ. ಸಿಂಹದ ಮೂತಿಯ ಎರಡೂ ಬದಿಗೆ ಮೀಸೆಗೂದಲು ಸಾಲುಸಾಲಾಗಿ ಹೊರಡುತ್ತವೆ. ಸಾಲುಗಳಲ್ಲಿ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಎಲ್ಲಕ್ಕಿಂತ ಮೇಲೆ ಬಿಡಿಬಿಡಿಯಾಗಿ ಕೂತ ಕೆಲವು ಚುಕ್ಕೆಗಳು ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರಕ್ಕೆ ಬರುತ್ತವೆ ಎಂಬುದು ಸಿಂಹದಿಂದ ಸಿಂಹಕ್ಕೆ ಬೇರೆ. ಬಲಗೆನ್ನೆಯ ಲೆಕ್ಕ ಎಡಗೆನ್ನೆಗೆ ಹೊಂದುವುದಿಲ್ಲ, ಪ್ರಾಯ ಬಂದರೂ ಮುಪ್ಪು ಬಂದರೂ ಅದು ಅಳಿಸುವುದಿಲ್ಲ. ಕಿವಿಯ ಹರಕು, ಮುಖದ ಗಾಯದ ಕಲೆಗಳನ್ನು ಇದರ ಜೊತೆಗೆ ಬರೆದುಕೊಂಡರೆ ಆ ಸಿಂಹದ ಗುರುತಿನ ಚೀಟಿ ಸಿದ್ಧವಾಯಿತು.

ಹೀಗೆ ಗುರುತು ಹಿಡಿದು ವಂಶಾವಳಿ ಬರೆದಾಗ ಹಿಂಡಿನ ನಿಜರೂಪ ಹೊರಬಂತು. ಒಂದು ಹಿಂಡಿನ ಹೆಣ್ಣುಗಳೆಲ್ಲ ಒಂದೇ ರಕ್ತ: ತಾಯಿ, ಮಗಳು, ಅಕ್ಕ, ತಂಗಿ, ಚಿಕ್ಕಮ್ಮ, ಅಜ್ಜಿ. ಹುಟ್ಟಿದ ಹೆಣ್ಣುಮರಿ ಬೆಳೆದು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಹಿಂಡು ದೊಡ್ಡದಾದರೆ ಒಂದಷ್ಟು ಎಳೆಯ ಹೆಣ್ಣುಗಳು ಒಟ್ಟಾಗಿ ಪಕ್ಕದಲ್ಲೇ ಬೇರೆ ಸೀಮೆ ಹಿಡಿಯುತ್ತವೆ. ಗಂಡುಮರಿಗಳು ಮಾತ್ರ ಎರಡರಿಂದ ನಾಲ್ಕು ವರ್ಷದೊಳಗೆ ಹೊರಬೀಳಲೇಬೇಕು. ನಮ್ಮ ಕರಾವಳಿಯ ಅಳಿಯಕಟ್ಟನ್ನು ಬಲ್ಲವರಿಗೆ ಇದು ಬೇಗ ಮನಸ್ಸಿಗೆ ಹತ್ತೀತು. ಅಲ್ಲಿ ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ, ಆಸ್ತಿ ಹೆಣ್ಣಿನ ದಾರಿಯಲ್ಲಿ ಇಳಿಯುತ್ತಿತ್ತು. ಸಿಂಹಗಳಲ್ಲಿ ಆಸ್ತಿಯೆಂದರೆ ನೆಲ. ಅಜ್ಜಿ ನೀರು ಕುಡಿದ ಹೊಂಡದಲ್ಲಿ ಮೊಮ್ಮಗಳು ಕುಡಿಯುತ್ತಾಳೆ, ತಾಯಿ ಮರಿ ಅಡಗಿಸಿದ ಬಂಡೆಗಳ ನಡುವೆಯೇ ಮಗಳೂ ಮರಿ ಅಡಗಿಸುತ್ತಾಳೆ. ಜೂಲಿನ ಗಂಡುಗಳು ಬಂದು ಹೋಗುವವರು. ಒಂದು ಹಿಂಡಿನಲ್ಲಿ ಅವುಗಳ ಕಾಲ ಬಹುಮಟ್ಟಿಗೆ ಎರಡು ಮೂರು ವರ್ಷ.

ಹಾಗಾದರೆ ರಾಜನನ್ನು ಇಳಿಸಿ ಆ ಪೀಠದಲ್ಲಿ ರಾಣಿಯೊಬ್ಬಳನ್ನು ಕೂರಿಸೋಣವೇ? ಅದಕ್ಕೂ ಎಡೆಯಿಲ್ಲ. ತೋಳಗಳ ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿ ಹಾಕುತ್ತದೆ. ಆಫ್ರಿಕಾದ ಚುಕ್ಕೆ ಕತ್ತೆಕಿರುಬಗಳಲ್ಲಿ ತಾಯಿಯ ಅಂತಸ್ತು ಮಗಳಿಗೆ ಬರುತ್ತದೆ, ಮೇಲಿನ ಅಂತಸ್ತಿನ ಮಕ್ಕಳೇ ಮೊದಲು ಉಣ್ಣುತ್ತವೆ. ಸಿಂಹಿಣಿಗಳಲ್ಲಿ ಈ ಮೇಲು ಕೀಳಿಲ್ಲ. ಹಿಂಡಿನ ವಯಸ್ಕ ಹೆಣ್ಣುಗಳೆಲ್ಲ ಹೆಚ್ಚುಕಡಿಮೆ ಸಮಸಮನಾಗಿ ಮರಿ ಹಾಕುತ್ತವೆ ಎಂಬುದನ್ನು ಪ್ಯಾಕರ್, ಪ್ಯೂಸಿ ಮತ್ತು ಅವರ ಸಹೋದ್ಯೋಗಿ 2001ರಲ್ಲಿ ಅಂಕಿಅಂಶಗಳ ಸಮೇತ ತೋರಿಸಿದರು. ಕಾರಣವೂ ಸರಳ. ಹೆರುವ ಹೆಣ್ಣು ಹಿಂಡಿನಿಂದ ದೂರ ಹೋಗಿ ಗುಟ್ಟಾಗಿ ಹೆರುತ್ತದೆ, ಮತ್ತೊಂದು ಹೆಣ್ಣು ಅದನ್ನು ತಡೆಯುವಂತಿಲ್ಲ. ಎಲ್ಲರ ಬಾಯಲ್ಲೂ ಕೊಲ್ಲಬಲ್ಲ ಕೋರೆಹಲ್ಲುಗಳಿವೆ, ಒಳಜಗಳದ ಗಾಯ ಯಾರಿಗೂ ಕಟ್ಟಿಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗಡಿಯಲ್ಲಿ ನೆರೆಹಿಂಡು ಬಂದು ನಿಂತಾಗ ಪಕ್ಕದಲ್ಲಿ ನಿಲ್ಲಲು ಅಕ್ಕತಂಗಿಯರು ಬೇಕು. ತುಳಿದಿಟ್ಟ ಒಡನಾಡಿ ಆಪತ್ತಿಗೆ ಒದಗುವುದಿಲ್ಲ.

ಸಿಂಹಗಳು ಗುಂಪು ಕಟ್ಟಿದ್ದು ಬೇಟೆಗಾಗಿ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಸಿಂಹ ದೂರ ಓಡಬಲ್ಲ ಪ್ರಾಣಿಯಲ್ಲ. ಮೈಯ ಗಾತ್ರಕ್ಕೆ ಅದರ ಗುಂಡಿಗೆ ಚಿಕ್ಕದು, ಸ್ವಲ್ಪ ದೂರ ರಭಸದಿಂದ ನುಗ್ಗಿ ದಣಿದುಬಿಡುತ್ತದೆ. ಅದಕ್ಕೇ ಹುಲ್ಲಿನ ಮರೆಯಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಿ, ತೀರಾ ಹತ್ತಿರ ಬಂದ ಮೇಲೆ ಎರಗುತ್ತದೆ. ಶಾಲರ್ ಲೆಕ್ಕದಲ್ಲಿ ಒಂಟಿ ಸಿಂಹಿಣಿಗೆ ಐದಾರು ಪ್ರಯತ್ನಕ್ಕೆ ಒಂದು ಬೇಟೆ ಸಿಕ್ಕಿದರೆ, ಜೊತೆಯಿದ್ದಾಗ ಮೂರಕ್ಕೆ ಒಂದರಂತೆ ಸಿಗುತ್ತಿತ್ತು. ನಮೀಬಿಯಾದ ಎಟೋಷಾದಲ್ಲಿ ಫಿಲಿಪ್ ಸ್ಟ್ಯಾಂಡರ್ ಕಂಡಂತೆ, ಕೆಲವು ಹೆಣ್ಣುಗಳು ಸದಾ ಬದಿಯಿಂದ ಸುತ್ತುವರಿಯುತ್ತವೆ, ಕೆಲವು ನಡುವೆ ಹೊಂಚಿ ಕೂರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಜಾಗ. ಆದರೆ ಸಿಕ್ಕ ಮಾಂಸವನ್ನು ಹಂಚಿಕೊಳ್ಳಬೇಕಲ್ಲ? ವೈಲ್ಡ್‌ಬೀಸ್ಟ್ ಹಿಂಡುಗಳು ವಲಸೆ ಹೋದ ಬರಗಾಲದ ತಿಂಗಳುಗಳಲ್ಲಿ ಒಂದೊಂದು ಸಿಂಹಿಣಿ ತಿನ್ನುವುದೆಷ್ಟು ಎಂದು ಪ್ಯಾಕರ್ ತಂಡ ಅಳೆದು ನೋಡಿತು. ಒಂಟಿಯಾಗಿದ್ದವಕ್ಕೂ ಐದಾರರ ಗುಂಪಿನಲ್ಲಿದ್ದವಕ್ಕೂ ಸಿಕ್ಕಿದ್ದು ಸುಮಾರಾಗಿ ಅಷ್ಟೇ, ಎರಡರಿಂದ ನಾಲ್ಕರ ಗುಂಪಿನವಕ್ಕೆ ಇನ್ನೂ ಕಡಿಮೆ. ಹೊಟ್ಟೆಯೊಂದೇ ಲೆಕ್ಕವಾಗಿದ್ದರೆ ಆ ಸಣ್ಣ ಹಿಂಡುಗಳು ಒಡೆದು ಚದುರಿಹೋಗಬೇಕಿತ್ತು. ಹಸಿದರೂ ಅವು ಜೊತೆ ಬಿಡಲಿಲ್ಲ.

ಬಿಡದಿರಲು ಕಾರಣ ನೆಲ. ಸೆರೆಂಗೆಟಿಯ ಎಲ್ಲ ನೆಲವೂ ಸಿಂಹಿಣಿಗೆ ಒಂದೇ ಬೆಲೆಯದಲ್ಲ. ಅನ್ನಾ ಮೋಸರ್ ಮತ್ತು ಪ್ಯಾಕರ್ ಹಲವು ದಶಕಗಳ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಹೊಳೆಗಳು ಬಂದು ಕೂಡುವ ಜಾಗಗಳ ಸಮೀಪದ ಹಿಂಡುಗಳು ಹೆಚ್ಚು ಮರಿಗಳನ್ನು ದೊಡ್ಡವು ಮಾಡಿದ್ದವು. ಅಂಥ ಕಡೆ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ದಡದ ಪೊದೆಗಳು ಹೊಂಚಿಗೂ ಮರಿಗಳನ್ನು ಅಡಗಿಸಲಿಕ್ಕೂ ಒದಗುತ್ತವೆ. ಎರಡು ಹೊಳೆಗಳ ನಡುವಿನ ಕಿರಿದಾದ ಮೂಲೆಗೆ ಮೇಯುವ ಪ್ರಾಣಿಗಳು ತಾವಾಗಿ ಬಂದು ಸೇರುತ್ತವೆ. ಇಂಥ ಜಾಗಕ್ಕೆ ಎಲ್ಲರ ಕಣ್ಣೂ ಬೀಳುತ್ತದೆ. ಅದನ್ನು ಹಿಡಿಯಲು ಸಂಖ್ಯಾಬಲ ಬೇಕು, ಹಿಡಿದದ್ದನ್ನು ಮಗಳ ಕಾಲಕ್ಕೆ ದಾಟಿಸಲು ಇನ್ನೂ ಹೆಚ್ಚು ಬೇಕು. ಒಂಟಿ ಹೆಣ್ಣಿಗೆ ಅದು ಕನಸಿನ ಮಾತು. ನೆರೆಯವರ ಕೈಗೆ ಸಿಕ್ಕರೆ ಅದರ ಪ್ರಾಣಕ್ಕೇ ಸಂಚಕಾರ. ಹುಲಿ ದಟ್ಟ ಕಾಡಿನಲ್ಲಿ ಒಂಟಿಯಾಗಿ ತನ್ನ ಪಾಲು ನೋಡಿಕೊಳ್ಳಬಲ್ಲದು. ಬಯಲಲ್ಲಿ, ಎಲ್ಲರಿಗೂ ಎಲ್ಲವೂ ಕಾಣುವ ಕಡೆ, ಒಳ್ಳೆಯ ನೆಲ ಉಳಿಯುವುದು ಒಟ್ಟಾಗಿ ನಿಂತವರಿಗೆ. ಮೂರನೆಯ ಪ್ರಶ್ನೆಗೆ ಇದು ಉತ್ತರ.

ಗರ್ಜನೆ ಇರುವುದೂ ಈ ನೆಲಕ್ಕಾಗಿಯೇ. ಗಾಳಿಯಿಲ್ಲದ ರಾತ್ರಿಯಲ್ಲಿ ಸಿಂಹದ ಕೂಗು ಎಂಟು ಕಿಲೋಮೀಟರಿನವರೆಗೂ ಕೇಳಿಸಬಲ್ಲದು. ಈ ಸೀಮೆಗೆ ಜನವಿದೆ ಎಂದು ಸಾರಿ ಹೇಳುವ ಕೂಗು ಅದು, ಹೆಣ್ಣುಗಳೂ ಕೂಗುತ್ತವೆ. ಕೇಳಿಸಿಕೊಂಡವರು ಏನು ಮಾಡುತ್ತಾರೆ ಎಂದು ತಿಳಿಯಲು ಕ್ಯಾರೆನ್ ಮೆಕ್‌ಕೋಂಬ್ ಸೆರೆಂಗೆಟಿಯಲ್ಲಿ ಒಂದು ಪ್ರಯೋಗ ನಡೆಸಿದರು, 1994ರಲ್ಲಿ ಅದು ಪ್ರಕಟವಾಯಿತು. ಅಪರಿಚಿತ ಸಿಂಹಿಣಿಯೊಂದರ ಗರ್ಜನೆಯನ್ನು ಧ್ವನಿವರ್ಧಕದಲ್ಲಿ ಕೇಳಿಸಿದಾಗ ಹಿಂಡಿನ ಹೆಣ್ಣುಗಳು ಎದ್ದು ಸದ್ದಿನ ಕಡೆಗೆ ನಡೆದುಬಂದವು. ಮೂರು ಹೆಣ್ಣುಗಳ ಗರ್ಜನೆ ಒಟ್ಟಿಗೆ ಕೇಳಿಸಿದಾಗ ಹಿಂದೆಮುಂದೆ ನೋಡಿದವು, ಮುಂದೊತ್ತುವ ಮೊದಲು ದೂರದಲ್ಲಿದ್ದ ತಮ್ಮವರನ್ನು ಕೂಗಿ ಕರೆದವು. ತಾವು ಎಷ್ಟು ಜನ, ಎದುರಿಗೆ ಎಷ್ಟು ಜನ ಎಂಬುದನ್ನು ಕಿವಿಯಲ್ಲೇ ತೂಗಿ, ತಮ್ಮ ಕಡೆ ಹೆಚ್ಚಿದ್ದಾಗ ಮಾತ್ರ ಹೆಜ್ಜೆ ಇಡುತ್ತಿದ್ದವು. ಮರಿಯಿರುವ ತಾಯಂದಿರು ಇನ್ನೂ ಸೂಕ್ಷ್ಮ. ಮರಿಗಳ ಅಪ್ಪಂದಿರ ದನಿ ಕೇಳಿದರೆ ಮಲಗಿದಲ್ಲಿಂದ ಏಳುವುದಿಲ್ಲ, ಅಪರಿಚಿತ ಗಂಡಿನ ದನಿ ಕಿವಿಗೆ ಬಿದ್ದರೆ ತಕ್ಷಣ ಕೆರಳುತ್ತವೆ, ಇಲ್ಲವೇ ಮರಿಗಳನ್ನು ಕರೆದುಕೊಂಡು ಜಾಗ ಖಾಲಿ ಮಾಡುತ್ತವೆ.

ಗುಜರಾತಿನ ಸಾಸಣ್ ಗಿರ್‌ಗೆ ನಾನು ಹೋಗಿದ್ದು ಚಳಿಗಾಲದಲ್ಲಿ, ತೇಗದ ಎಲೆಗಳು ಒಣಗಿ ನೆಲದ ತುಂಬ ಬಿದ್ದಿದ್ದಾಗ. ಜೀಪಿನ ಹಾದಿಯಿಂದ ಸ್ವಲ್ಪ ಒಳಗೆ ಎರಡು ಸಿಂಹಿಣಿಗಳು ಒಂದರ ಬೆನ್ನಿಗೆ ಒಂದು ಒರಗಿ ಮಲಗಿದ್ದವು. ಸುತ್ತ ಮರಿಗಳು, ಎರಡು ದೊಡ್ಡವು, ಮೂರು ಚಿಕ್ಕವು. ಕಾಲು, ಹೊಟ್ಟೆಯ ಮೇಲೆ ಎಳೆತನದ ಕಂದು ಚುಕ್ಕೆಗಳು ಇನ್ನೂ ಮಾಸಿರಲಿಲ್ಲ. ಚಿಕ್ಕದೊಂದು ಹತ್ತಿರದ ಸಿಂಹಿಣಿಯ ಹೊಟ್ಟೆಗೆ ಮೂತಿ ತೂರಿಸಿ ಹಾಲು ಕುಡಿಯತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡದೊಂದು ಬಂದು ಪಕ್ಕದ ಮೊಲೆಗೆ ಬಾಯಿ ಹಾಕಿತು. ಸಿಂಹಿಣಿ ತಲೆಯೆತ್ತಿ, ಹಲ್ಲು ಕಾಣುವಂತೆ ತುಟಿ ಮಡಿಸಿ ಸಣ್ಣಗೆ ಗುರುಗುಟ್ಟಿತು. ದೊಡ್ಡದು ಕಿವಿ ಚಪ್ಪಟೆ ಮಾಡಿಕೊಂಡು ಒಂದು ಕ್ಷಣ ತಡೆದು, ಮತ್ತೆ ಬಾಯಿ ಹಾಕಿತು. ಎರಡನೆಯ ಸಲ ಸಿಂಹಿಣಿ ಸುಮ್ಮನಾಯಿತು. “ಆ ದೊಡ್ಡದರ ತಾಯಿ ಆಚೆಗಿರುವವಳು, ಸಾಹೇಬ್. ಇವರಿಬ್ಬರೂ ಅಕ್ಕತಂಗಿ,” ಎಂದು ನಮ್ಮ ಗೈಡ್ ಹಿಂದಿಯಲ್ಲಿ ಪಿಸುಗುಟ್ಟಿದರು. ಪುಸ್ತಕದಲ್ಲಿ ಓದಿದ್ದ ಸಂಗತಿ ಕಣ್ಣೆದುರು ನಡೆದಾಗ ಅದರ ತೂಕವೇ ಬೇರೆ.

ಹೆಣ್ಣು ಸಿಂಹ ಗರ್ಭ ಹೊರುವುದು ಸುಮಾರು 110 ದಿನ. ಸಾಮಾನ್ಯವಾಗಿ ಎರಡು ಮೂರು ಮರಿ, ಒಂದೊಂದೂ ಒಂದೂವರೆ ಕಿಲೋ ಮೀರದಷ್ಟು, ಕಣ್ಣು ಬಿಡದೆ ಹುಟ್ಟುತ್ತವೆ. ಮೊದಲ ಒಂದೂವರೆ ತಿಂಗಳು ತಾಯಿ ಅವನ್ನು ಪೊದೆಯಲ್ಲೋ ಬಂಡೆಯ ಸಂದಿನಲ್ಲೋ ಅಡಗಿಸಿ, ಆಗಾಗ ಕತ್ತಿನ ತೊಗಲು ಕಚ್ಚಿಹಿಡಿದು ಜಾಗ ಬದಲಿಸುತ್ತದೆ. ಆಮೇಲೆ ಹಿಂಡಿಗೆ ತರುತ್ತದೆ. ಅಕ್ಕತಂಗಿಯರು ಒಂದೇ ಕಾಲಕ್ಕೆ ಹೆತ್ತಿದ್ದರೆ ಮರಿಗಳೆಲ್ಲ ಒಟ್ಟಿಗೆ ಬೆಳೆಯುತ್ತವೆ, ತಾಯಂದಿರು ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡಿಸುತ್ತಾರೆ. ಸ್ವಂತ ಮರಿಗೆ ಹೆಚ್ಚು ಪಾಲು ಎಂಬುದು ನಿಜ, ಆದರೆ ಉಳಿದವನ್ನು ದೂರ ಅಟ್ಟುವುದು ಕಡಿಮೆ. ಇದನ್ನು ಬರೀ ವಾತ್ಸಲ್ಯ ಎಂದು ಕರೆದು ಸುಮ್ಮನಾದರೆ ಅರ್ಧ ಹೇಳಿದಂತೆ. ಮರಿಗಳು ಒಟ್ಟಿಗಿದ್ದರೆ ಅವನ್ನು ಕಾಯುವ ತಾಯಂದಿರೂ ಒಟ್ಟಿಗಿರುತ್ತಾರೆ. ಒಟ್ಟಿಗಿರಬೇಕಾದ ಕಾರಣ ನಮ್ಮ ಎರಡನೆಯ ಪ್ರಶ್ನೆಯಲ್ಲಿದೆ.

ಹೊಸ ಗಂಡುಗಳು ಹಳಬರನ್ನು ಓಡಿಸಿ ಹಿಂಡನ್ನು ಸೇರಿದಾಗ ಮೊಲೆಯುಣ್ಣುವ ಮರಿಗಳನ್ನು ಕೊಲ್ಲುತ್ತವೆ. ಸೆರೆಂಗೆಟಿಯಲ್ಲಿ ವರ್ಷ ತುಂಬುವ ಮೊದಲು ಸಾಯುವ ಮರಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇದೇ ಕಾರಣ. ಮರಿಯಿರುವ ಸಿಂಹಿಣಿ ಹೆಚ್ಚುಕಡಿಮೆ ಒಂದೂವರೆ ವರ್ಷ ಬೆದೆಗೆ ಬರುವುದಿಲ್ಲ. ಗಂಡಿಗೆ ಹಿಂಡಿನಲ್ಲಿ ಸಿಗುವುದೇ ಎರಡು ಮೂರು ವರ್ಷ. ಬೇರೆಯವನ ಮರಿ ಬೆಳೆಯುವವರೆಗೆ ಕಾದು ಕೂತರೆ ತನ್ನ ಮರಿ ಹುಟ್ಟಿ ದೊಡ್ಡದಾಗುವ ಹೊತ್ತಿಗೆ ಅವನೇ ಅಲ್ಲಿರುವುದಿಲ್ಲ. ಮರಿ ಸತ್ತರೆ ತಾಯಿ ಕೆಲವೇ ವಾರಗಳಲ್ಲಿ ಬೆದೆಗೆ ಬರುತ್ತದೆ. ಇಂಥ ನಡತೆಯನ್ನು ವಿಜ್ಞಾನ ಮೊದಲು ಗಂಭೀರವಾಗಿ ಗಮನಿಸಿದ್ದು ಕರ್ನಾಟಕದಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸಿಯಗಳನ್ನು ಅಭ್ಯಾಸ ಮಾಡುತ್ತಿದ್ದಾಗ, ತಂಡವನ್ನು ವಶಪಡಿಸಿಕೊಂಡ ಹೊಸ ಗಂಡು ಎಳೆಯ ಮರಿಗಳನ್ನು ಕಚ್ಚಿ ಕೊಂದದ್ದನ್ನು ದಾಖಲಿಸಿದರು. ಮುಂದೆ ರಾಜಸ್ಥಾನದ ಮೌಂಟ್ ಅಬುವಿನ ಮುಸಿಯಗಳಲ್ಲಿ ಇದನ್ನೇ ಕಂಡ ಸಾರಾ ಹರ್ಡಿ, ಇದು ಗಂಡಿನ ಸಂತಾನದ ಲೆಕ್ಕಾಚಾರ ಎಂದು ವಾದಿಸಿದರು. ಸೆರೆಂಗೆಟಿಯ ಸಿಂಹಗಳು ಆ ವಾದಕ್ಕೆ ದೊಡ್ಡ ಸಾಕ್ಷಿಯಾದವು.

ವಿಡಿಯೊದಲ್ಲಿ ಇಷ್ಟೇ ಕಾಣುತ್ತದೆ. ತಾಯಂದಿರು ಇದಕ್ಕೆ ಕೊಡುವ ಉತ್ತರ ಕಾಣುವುದಿಲ್ಲ, ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ. ಹೆಣ್ಣು ಗಂಡಿಗಿಂತ ಚಿಕ್ಕದು. 120 ಕಿಲೋ ಆಸುಪಾಸಿನ ಹೆಣ್ಣು 190 ಕಿಲೋದ ಗಂಡನ್ನು ಒಂಟಿಯಾಗಿ ತಡೆಯಲಾರದು. ಎರಡು ಮೂರು ಒಟ್ಟಾಗಿ ಮೈಮೇಲೆ ಬಿದ್ದರೆ ಗಂಡು ಹಿಂದೆಗೆಯುವುದುಂಟು. ಕೆಲವು ತಾಯಂದಿರು ಸ್ವಲ್ಪ ಬೆಳೆದ ಮರಿಗಳನ್ನು ಕರೆದುಕೊಂಡು ತಿಂಗಳುಗಟ್ಟಲೆ ಗಡಿಯಂಚಿನಲ್ಲಿ ಅಲೆದು ಬದುಕಿಸಿಕೊಳ್ಳುತ್ತವೆ. ಹೊಸ ಗಂಡುಗಳೊಡನೆ ಕೂಡಿದರೂ ಮೊದಲ ಕೆಲವು ತಿಂಗಳು ಗರ್ಭ ನಿಲ್ಲುವುದು ಕಡಿಮೆ. ಬಂದವರು ಉಳಿಯುವವರೋ ಅಲ್ಲವೋ ಎಂದು ಗೊತ್ತಾಗಲು ಅಷ್ಟು ಕಾಲ ಬೇಕು. ಗಿರ್‌ನಲ್ಲಿ ಸ್ತೋತ್ರ ಚಕ್ರವರ್ತಿ ಮತ್ತು ವೈ.ವಿ. ಝಾಲಾ ಕಂಡುಕೊಂಡ ಉಪಾಯ ಇನ್ನೂ ಸೊಗಸಿನದು. ಅಲ್ಲಿನ ಸಿಂಹಿಣಿಗಳು ಅಕ್ಕಪಕ್ಕದ ಸೀಮೆಗಳ ಹಲವು ಗಂಡುಗಳೊಡನೆ ಕೂಡುತ್ತವೆ. ಮರಿಯ ಅಪ್ಪ ಯಾರೆಂದು ಯಾವ ಗಂಡಿಗೂ ಖಚಿತವಾಗದಾಗ, ಕೊಲ್ಲಲು ಯಾವ ಗಂಡಿಗೂ ಧೈರ್ಯ ಬರುವುದಿಲ್ಲ.

ಇನ್ನು ಗಂಡಿನ ಮೇಲಿನ ಆಪಾದನೆ. ಅದನ್ನು ಸೋಮಾರಿ ಎನ್ನುವವರು ಅದರ ಎಳೆಯ ಪ್ರಾಯವನ್ನು ನೋಡಿಲ್ಲ. ಹುಟ್ಟಿದ ಹಿಂಡಿನಿಂದ ಹೊರಬಿದ್ದ ಗಂಡುಗಳು ಕೆಲವು ವರ್ಷ ನೆಲೆಯಿಲ್ಲದೆ ಅಲೆಯುತ್ತವೆ. ಬೇಟೆಯಾಡಿ ಕೊಡಲು ಯಾರೂ ಇಲ್ಲ. ತಾವೇ ಆಡಬೇಕು, ಇಲ್ಲವೇ ಕತ್ತೆಕಿರುಬಗಳಿಂದ ಕಿತ್ತುಕೊಳ್ಳಬೇಕು. ಈ ಕಾಲದಲ್ಲಿ ಅವು ಗರ್ಜಿಸುವುದೇ ಇಲ್ಲ ಎನ್ನಬಹುದು, ಏಕೆಂದರೆ ಬೇರೆಯವರ ನೆಲದಲ್ಲಿ ದನಿ ತೆಗೆದರೆ ಜೀವಕ್ಕೆ ಕುತ್ತು. ಅಣ್ಣತಮ್ಮಂದಿರು, ದಾಯಾದಿಗಳು ಜೊತೆಗಿದ್ದರೆ ನಾಲ್ಕೈದರ ಕೂಟವಾಗಿ ನಿಲ್ಲುತ್ತವೆ. ಬಂಧುಗಳಿಲ್ಲದ ಗಂಡು ಮತ್ತೊಬ್ಬ ಒಂಟಿಗನ ಜೊತೆ ಸೇರಿ ಜೋಡಿಯಾಗುತ್ತದೆ, ಆ ಜೋಡಿ ಸಾಯುವವರೆಗೂ ಉಳಿಯಬಹುದು. ಹಿಂಡು ಸಿಕ್ಕ ಮೇಲೂ ಕೆಲಸ ಮುಗಿಯಲಿಲ್ಲ. ರಾತ್ರಿಯಿಡೀ ಗಡಿ ಸುತ್ತುವುದು, ಮೂತ್ರ ಸಿಂಪಡಿಸಿ ಗುರುತು ಹಾಕುವುದು, ಕೂಗುವುದು, ಬಂದವರೊಡನೆ ಕಾದಾಡುವುದು ಅದರ ಪಾಲಿನ ದುಡಿಮೆ. ಬೇಟೆಯನ್ನೂ ಬಿಟ್ಟಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಕಾಲರ್ ತೊಡಿಸಿದ ಸಿಂಹಗಳ ಅಧ್ಯಯನ 2013ರಲ್ಲಿ ತೋರಿಸಿದಂತೆ, ಗಂಡುಗಳು ದಟ್ಟ ಪೊದೆಯ ಮರೆಯಲ್ಲಿ ಹೊಂಚಿ ಕೊಲ್ಲುತ್ತವೆ. ನಮ್ಮ ಕ್ಯಾಮೆರಾಗಳು ಬಯಲಿನಲ್ಲಿದ್ದವು, ಅವು ಪೊದೆಯಲ್ಲಿದ್ದವು.

ಜೂಲು ಕೂಡ ಈ ದುಡಿಮೆಯ ಭಾಗ. 2002ರಲ್ಲಿ ಪೇಟನ್ ವೆಸ್ಟ್ ಮತ್ತು ಪ್ಯಾಕರ್ ಸಿಂಹದಷ್ಟೇ ದೊಡ್ಡ ಬೊಂಬೆಗಳಿಗೆ ಬೇರೆ ಬೇರೆ ಜೂಲು ತೊಡಿಸಿ ಬಯಲಿನಲ್ಲಿ ನಿಲ್ಲಿಸಿದ ಪ್ರಯೋಗದ ಫಲ ಪ್ರಕಟಿಸಿದರು. ಹೆಣ್ಣುಗಳು ಕಪ್ಪು ಜೂಲಿನ ಬೊಂಬೆಯತ್ತ ನಡೆದವು. ಗಂಡುಗಳು ಅದನ್ನು ಬಿಟ್ಟು ತಿಳಿಬಣ್ಣದ, ಗಿಡ್ಡ ಜೂಲಿನ ಬೊಂಬೆಗಳ ಕಡೆ ಹೋದವು. ಕಪ್ಪು ಜೂಲಿನ ಗಂಡುಗಳು ಚೆನ್ನಾಗಿ ತಿಂದುಂಡವು, ಅವುಗಳ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚು, ಅವುಗಳ ಮರಿಗಳು ಹೆಚ್ಚು ಬದುಕುತ್ತವೆ. ಅದಕ್ಕೆ ತೆರುವ ಬೆಲೆ ಸೆಕೆ. ಕಪ್ಪು ಜೂಲು ಹೊತ್ತ ಮೈ ಹೆಚ್ಚು ಕಾಯುತ್ತದೆ. ಕೆನ್ಯಾದ ಸಾವೋದಂಥ ಬಿಸಿ ಕುರುಚಲು ಸೀಮೆಯಲ್ಲಿ ಗಂಡುಗಳ ಜೂಲು ತೆಳುವಾಗಿರುವುದು, ಕೆಲವಕ್ಕೆ ಇಲ್ಲವೇ ಇಲ್ಲವೆನ್ನುವಂತಿರುವುದು ಇದಕ್ಕೆ ಹೊಂದುತ್ತದೆ. ಆಯ್ಕೆ ಮಾಡುವವಳು ಹೆಣ್ಣು, ಆಕೆ ಕೇಳುವುದು ನನ್ನ ಮರಿಗಳನ್ನು ಕಾಯುವ ಶಕ್ತಿ ನಿನಗಿದೆಯೇ ಎಂದು. ಜೂಲು ಆ ಪ್ರಶ್ನೆಗೆ ಕೊಟ್ಟ ಉತ್ತರ.

ನೆಲ ಬದಲಾದರೆ ಸಂಸಾರದ ರೀತಿಯೂ ಬದಲಾಗುತ್ತದೆ ಎಂಬುದಕ್ಕೆ ಗಿರ್ ಸಾಕ್ಷಿ. ಸೆರೆಂಗೆಟಿಯಲ್ಲಿ ಜೀಬ್ರಾ, ವೈಲ್ಡ್‌ಬೀಸ್ಟ್, ಕಾಡೆಮ್ಮೆಯಂಥ ದೊಡ್ಡ ಪ್ರಾಣಿಗಳು ಸಿಗುತ್ತವೆ, ಒಂದನ್ನು ಕೊಂದರೆ ಹತ್ತು ಬಾಯಿಗೆ ಊಟ. ಗಿರ್‌ನ ಮುಖ್ಯ ಬೇಟೆ ಚುಕ್ಕೆ ಜಿಂಕೆ. ಅದು ಎರಡು ಮೂರು ಸಿಂಹಿಣಿಗಳಿಗೆ ಸಾಲುವಷ್ಟೇ. ಹಾಗಾಗಿ ಅಲ್ಲಿನ ಹಿಂಡುಗಳು ಚಿಕ್ಕವು. ಗಂಡುಗಳು ತಮ್ಮ ಪಾಡಿಗೆ ಬೇರೆಯಾಗಿ ಇರುತ್ತವೆ, ಬೆದೆಯ ಕಾಲಕ್ಕೋ ಕಡವೆ, ಎಮ್ಮೆಯಂಥ ದೊಡ್ಡ ಬೇಟೆ ಬಿದ್ದಾಗಲೋ ಬಂದು ಸೇರುತ್ತವೆ. ಆದರೂ ತಾಯಿ ಮಗಳು ಅಕ್ಕ ತಂಗಿಯರ ಕೂಟ ಅಲ್ಲಿಯೂ ಅಳಿದಿಲ್ಲ. ಗಂಡು ದೂರವಾದರೂ ಹಿಂಡು ಹಿಂಡಾಗಿಯೇ ಉಳಿಯಿತು ಎಂದರೆ, ಅದನ್ನು ಹಿಡಿದು ನಿಲ್ಲಿಸಿರುವವರು ಯಾರು ಎಂಬ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಇಷ್ಟನ್ನೂ ತಿಳಿದುಕೊಂಡರೆ ಸಿಂಹಗಳನ್ನು ಉಳಿಸುವ ಬಗೆಗಿನ ನಮ್ಮ ಮಾತೂ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಆಫ್ರಿಕಾದಲ್ಲಿ ಈಗ ಉಳಿದಿರುವ ಸಿಂಹಗಳು 20,000ದಿಂದ 25,000ದಷ್ಟು. ಹಲವು ದೇಶಗಳಲ್ಲಿ ಜೂಲಿನ ಗಂಡನ್ನು ಹಣ ಕೊಟ್ಟು ಬೇಟೆಯಾಡಲು ಅನುಮತಿಯಿದೆ. ಒಂದು ಗಂಡು ಸತ್ತರೆ ಲೆಕ್ಕದಲ್ಲಿ ಒಂದು ಸಿಂಹ ಕಡಿಮೆಯಾಗುತ್ತದೆ, ಕಾಡಿನಲ್ಲಿ ಆಗುವ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾವಲು ಸಡಿಲವಾದ ಹಿಂಡಿಗೆ ಹೊರಗಿನವರು ನುಗ್ಗುತ್ತಾರೆ, ಆ ವರ್ಷದ ಮರಿಗಳೂ ಹೋಗುತ್ತವೆ. ಅದಕ್ಕೇ ಪ್ಯಾಕರ್ ಮತ್ತು ಸಂಗಡಿಗರು 2004ರಲ್ಲಿ ಒಂದು ಸೂತ್ರ ಹೇಳಿದರು: ಕೊಲ್ಲಲೇಬೇಕೆಂದರೆ ಐದಾರು ವರ್ಷ ದಾಟಿದ, ಒಂದು ತಲೆಮಾರು ಮರಿಗಳನ್ನು ದೊಡ್ಡವು ಮಾಡಿದ ಗಂಡನ್ನು ಮಾತ್ರ. ವಯಸ್ಸನ್ನು ಮೂಗಿನಿಂದ ಅಳೆಯಬಹುದು. ಎಳೆಯ ಸಿಂಹದ ಮೂಗಿನ ತುದಿ ನಸುಗೆಂಪು. ವರ್ಷ ಕಳೆದಂತೆ ಕಪ್ಪು ಮಚ್ಚೆಗಳು ಹಬ್ಬುತ್ತಾ ಹೋಗಿ, ಆ ವಯಸ್ಸಿಗೆ ಅರ್ಧಕ್ಕಿಂತ ಹೆಚ್ಚು ಕಪ್ಪಾಗಿರುತ್ತದೆ. ಮೋಜಿನ ಬೇಟೆಯನ್ನು ನಾನು ಒಪ್ಪುವವನಲ್ಲ. ಆದರೂ ಮರಿಗಳ ಲೆಕ್ಕವನ್ನು ಮುಂದಿಟ್ಟ ಈ ಸೂತ್ರಕ್ಕೆ ಬೆಲೆ ಕೊಡುತ್ತೇನೆ.

ನಮ್ಮ ಮನೆಯ ಸಂಗತಿಗೆ ಬರೋಣ. ಗುಜರಾತ್ ಸರ್ಕಾರ 2025ರ ಮೇನಲ್ಲಿ ಪ್ರಕಟಿಸಿದ ಗಣತಿಯಲ್ಲಿ 891 ಸಿಂಹಗಳಿದ್ದವು. 2020ರಲ್ಲಿ ಇದ್ದದ್ದು 674. ನೂರು ವರ್ಷದ ಹಿಂದೆ ಬೆರಳೆಣಿಕೆಗೆ ಇಳಿಯುವ ಸ್ಥಿತಿಯಲ್ಲಿದ್ದ ಪ್ರಾಣಿ ಇಷ್ಟಾಗಿರುವುದರ ಹಿಂದೆ ಅರಣ್ಯ ಸಿಬ್ಬಂದಿಯ ದುಡಿಮೆಯಿದೆ, ತಮ್ಮ ಎಮ್ಮೆಗಳನ್ನು ಕಳೆದುಕೊಂಡೂ ಸಿಂಹದ ಜೊತೆ ಬಾಳುವ ಮಾಲ್ಧಾರಿ ದನಗಾಹಿಗಳ ಸಹನೆಯಿದೆ. ಪತ್ರಿಕೆಗಳು ಒಟ್ಟು ಅಂಕಿಯನ್ನು ದೊಡ್ಡಕ್ಷರದಲ್ಲಿ ಹಾಕಿದವು. ನನ್ನ ಕಣ್ಣು ನಿಂತದ್ದು ಇನ್ನೊಂದರ ಮೇಲೆ: ಆ 891ರಲ್ಲಿ ವಯಸ್ಕ ಹೆಣ್ಣುಗಳು 330. ಅವುಗಳಲ್ಲಿ ಎಷ್ಟೋ ಗಿರ್ ಅಭಯಾರಣ್ಯದ ಹೊರಗೆ, ಅಮ್ರೇಲಿ, ಭಾವನಗರದ ಕಡೆಯ ಹೊಲ, ಮಾವಿನ ತೋಪು, ಜಾಲಿಯ ಪೊದೆಗಳ ನಡುವೆ ಮರಿ ಹಾಕುತ್ತಿವೆ. ಕಟ್ಟೆಯಿಲ್ಲದ ಬಾವಿ, ರೈಲುಹಳಿ, ಹೆದ್ದಾರಿಗಳನ್ನು ದಾಟಿ ಮರಿಗಳು ಬೆಳೆಯಬೇಕು. ಅಜ್ಜಿಯಿಂದ ಬಂದ ಸೀಮೆ ಎಂಬುದು ಅಲ್ಲಿ ಇನ್ನೂ ನಿಂತಿಲ್ಲ, ಒಂದು ಕಾರ್ಖಾನೆ ಬಂದರೆ ಅಳಿಸಿಹೋಗುತ್ತದೆ.

ಎಲ್ಲ ಸಿಂಹಗಳೂ ಒಂದೇ ಸೀಮೆಯಲ್ಲಿರುವುದು ಇನ್ನೊಂದು ಭಯ. 1994ರಲ್ಲಿ ಸೆರೆಂಗೆಟಿಯ ಸಿಂಹಗಳಿಗೆ ಕೆನೈನ್ ಡಿಸ್ಟೆಂಪರ್ ತಗುಲಿ ಮೂರರಲ್ಲಿ ಒಂದು ಪಾಲು ಸತ್ತವು. ಸುತ್ತಲಿನ ಊರುಗಳ ನಾಯಿಗಳಿಂದ ಬಂದ ವೈರಾಣು ಅದು. 2018ರಲ್ಲಿ ಅದೇ ವೈರಾಣು ಗಿರ್‌ನ ದಲ್ಖಾನಿಯಾ ವಲಯಕ್ಕೆ ಬಂದಾಗ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಸೆರೆಂಗೆಟಿ ಚೇತರಿಸಿಕೊಂಡದ್ದು ಅದಕ್ಕೆ ವಿಶಾಲ ನೆಲವಿದ್ದುದರಿಂದ. ಏಷ್ಯಾದ ಸಿಂಹಕ್ಕೆ ಗಿರ್ ಮತ್ತು ಅದರ ಸುತ್ತಲಿನ ಸೌರಾಷ್ಟ್ರ ಬಿಟ್ಟರೆ ಬೇರೆ ನೆಲೆಯಿಲ್ಲ. ಕೆಲವನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲಿನಲ್ಲಿ ಆದೇಶಿಸಿತ್ತು. ಸಿಂಹಗಳು ಹೋಗಲಿಲ್ಲ, 2022ರಲ್ಲಿ ಆ ಕಾಡಿಗೆ ಆಫ್ರಿಕಾದ ಚೀತಾಗಳು ಬಂದವು. ಗುಜರಾತಿನೊಳಗೇ ಪೋರಬಂದರಿನ ಬಳಿಯ ಬರ್ಡಾ ಗುಡ್ಡಗಳಿಗೆ ಸಿಂಹಗಳು ತಾವಾಗಿ ನಡೆದು ಬಂದಿವೆ. ಅದು ಒಳ್ಳೆಯ ಸುದ್ದಿ, ಆದರೆ ರೋಗ ದಾಟಲಾರದಷ್ಟು ದೂರ ಅದಲ್ಲ.

ಎರಡನೆಯ ಮನೆ ಎಂದಾದರೂ ಆಗಲೇಬೇಕು. ಆಗುವಾಗ ಒಂದು ಮಾತನ್ನು ಮರೆಯಬಾರದು. ಅಲ್ಲೊಂದು ಇಲ್ಲೊಂದು ಹಿಡಿದ ಹೆಣ್ಣುಗಳನ್ನು ಪಂಜರದಲ್ಲಿ ತುಂಬಿ ಹೊಸ ಕಾಡಿಗೆ ಬಿಟ್ಟರೆ ಅವು ಪರಸ್ಪರ ಅಪರಿಚಿತರು, ಗಡಿಯ ಆಚೀಚೆಯ ಶತ್ರುಗಳು. ಕಳಿಸುವುದಾದರೆ ತಾಯಿ ಮಗಳನ್ನು, ಅಕ್ಕ ತಂಗಿಯರನ್ನು ಒಟ್ಟಿಗೆ ಕಳಿಸಬೇಕು. ಅವು ನೆಲೆ ನಿಂತರೆ ಗಂಡುಗಳು ತಮ್ಮ ದಾರಿ ಕಂಡುಕೊಳ್ಳುತ್ತವೆ. ಗಿರ್‌ನ ಹೊರಗಿನ ಹೊಲಸೀಮೆಯಲ್ಲೂ ಮರಿ ಅಡಗಿಸುವ ಹಳ್ಳಕೊಳ್ಳಗಳನ್ನು ಗುರುತಿಸಿ ಮುಟ್ಟದೆ ಬಿಡುವುದು, ಹಳ್ಳಿಯ ನಾಯಿಗಳಿಗೆ ಲಸಿಕೆ ಹಾಕಿಸುವುದು, ಬಾವಿಗಳಿಗೆ ಕಟ್ಟೆ ಕಟ್ಟುವುದು ದೊಡ್ಡ ಘೋಷಣೆಗಳಿಗಿಂತ ಹೆಚ್ಚು ಸಿಂಹಗಳನ್ನು ಉಳಿಸುತ್ತದೆ. ಮುಂದಿನ ಗಣತಿಯ ಸುದ್ದಿ ಬಂದಾಗ ಸಿಂಹಗಳು ಎಷ್ಟಾದವು ಎಂದು ಕೇಳುವುದರ ಜೊತೆಗೆ, ಅಲ್ಲಿನ ಎಷ್ಟು ತಾಯಂದಿರಿಗೆ ಮಗಳಿಗೆ ಬಿಟ್ಟುಹೋಗುವಂಥ ನೆಲವಿದೆ ಎಂದೂ ಕೇಳಿ. ಸಿಂಹದ ಭವಿಷ್ಯ ಇರುವುದು ಆ ಎರಡನೆಯ ಲೆಕ್ಕದಲ್ಲಿ.